ಸೊಂಟದ ಗುಳಿಗೆ ಔಷಧವಲ್ಲ

ಎರಡು ಸಾವಿರದ ನಾಲ್ಕರ ಸುಮಾರಿಗೆ ನಾನು ಇಳಕಲ್ಲಿನ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಸೀರೆ ನೇಯುವ ಶಂಕ್ರಪ್ಪ ಹೊಟ್ಟೆಹುಣ್ಣಿಗೆಂದು ಮೂರನೆಯ ಸಲ ಬಂದಿದ್ದ. ಈ ಸಲ ವಾಂತಿಯಲ್ಲಿ ರಕ್ತ ಬಿದ್ದಿತ್ತಂತೆ. ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕಳಿಸಲು ಡಾಕ್ಟರು ಒಳಗೆ ಚೀಟಿ ಬರೆಯುತ್ತಿದ್ದರು.

"ಖಾರ ಬಿಟ್ಟು ಆರ್ ತಿಂಗಳಾತ್ರಿ ಅಕ್ಕಾರ. ಮನ್ಯಾಗ ಯಾರಿಗೂ ತಿನ್ನಾಕ ಬಿಡೂದಿಲ್ಲ. ಆದ್ರೂ ಉರಿ ಹೋಗವಲ್ದು."

ಬೇರೆ ಗುಳಿಗೆ ಏನಾದರೂ ನುಂಗುತ್ತೀರಾ ಎಂದು ಹಿಂದಿನ ಎರಡು ಸಲದಂತೆ ಮತ್ತೆ ಕೇಳಿದೆ. ಇಲ್ಲ ಎಂದ. ಅವನ ಅಂಗಿ ಕಿಸೆಯಿಂದ ನೋವಿನ ಗುಳಿಗೆಯ ಪಟ್ಟಿ ಇಣುಕುತ್ತಿತ್ತು.

"ಹಂಗಾದ್ರ ಇದೇನ್ರಿ?"

"ಇದು ಔಷಧ ಅಲ್ರಿ, ಸೊಂಟದ್ದು. ದಿನಾ ಮುಂಜಾನೆ ಚಹಾದ ಜೋಡಿ ಒಂದ್ ಹಾಕ್ಕೊಂಡ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟ ನೇಯಾಕ ಕುಂದರ್ತೇನಿ. ನಮ್ಮ ಓಣ್ಯಾಗ ಎಲ್ಲಾರೂ ಹಾಕ್ಕೊಂತಾರ."

ದಿನಾ ಇದನ್ನು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಇಲ್ಲವೇ ಒಂದು ಕ್ರಿಮಿಯಿಂದ ಆಗುತ್ತದೆ, ಖಾರ ಉರಿ ಹೆಚ್ಚಿಸಬಹುದೇ ಹೊರತು ಹುಣ್ಣು ಮಾಡುವುದಿಲ್ಲ ಎಂದು ಹತ್ತು ನಿಮಿಷ ಗಂಟಲು ಹರಿದುಕೊಂಡೆ. ಶಂಕ್ರಪ್ಪ ತಲೆ ಆಡಿಸುತ್ತ ಎಲ್ಲ ಕೇಳಿದ.

"ಖರೇ ಅಕ್ಕಾರ. ಹಂಗಾದ್ರ ಮೆಣಸಿನಕಾಯಿ ಬಜಿನೂ ಬಿಟ್ಟಬಿಡ್ಲೇನ್ರಿ?"

ನಾನು ಹಣೆ ಹಿಡಿದುಕೊಂಡು ಕುಳಿತೆ. ಅವನಿಗೆ ಕನಿಕರ ಬಂದಿರಬೇಕು. ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ ನನ್ನ ಮೇಜಿನ ಮೇಲಿಟ್ಟ.

"ತಲಿನೋವಿಗೂ ಇದ ಚಲೋರಿ."

ಬೆಳಗಿನಿಂದ ನನ್ನ ಹೊಟ್ಟೆಗೂ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಅವನು ಡಾಕ್ಟರ ಚೀಟಿ ಹಿಡಿದು ಅತ್ತ ಹೋದ ಮೇಲೆ ಆ ಗುಳಿಗೆಯನ್ನು ನುಂಗಿದೆ.