ಬ್ಯಾರನ್ನಿಗೆ ಕಿಟಕಿ ಇಟ್ಟ ಆಚಾರ್ರು

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಒಂದು ರವಿಕೆ ಹೊಲಿದು ಮುಗಿಸಿದಳು! ಬಟ್ಟೆ ಕತ್ತರಿಸಿದ್ದು ಅವಳೇ, ಮೆಷಿನ್ನಿನಲ್ಲಿ ಹೊಲಿದದ್ದು ಅವಳೇ, ಹುಕ್ಕು ಕೂರಿಸಿದ್ದೂ ಅವಳೇ. ತೊಟ್ಟವರಿಗೆ ಕಂಕುಳಲ್ಲಿ ಒಂದು ಸುಕ್ಕಿಲ್ಲ, ಬೆನ್ನ ಮೇಲೆ ಒಂದು ನೆರಿಗೆಯಿಲ್ಲ. ಅವಳು ಸೂಜಿ ಮುಟ್ಟದೆ ಹದಿನಾಲ್ಕು ತಿಂಗಳಾಗಿತ್ತು. ಡೈರಿಗೆ ಹಾಲು ಹಾಕಲು ನಿಂತವರಿಗೆಲ್ಲ ಹೇಳಿದೆ. ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದವರಿಗೆ ಹೇಳಿದೆ. ಪಿರಿಯಾಪಟ್ಟಣದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ ಎರಡು ಸಲ ಹೇಳಿದೆ. ಎರಡನೇ ಸಲ ಅವಳು "ಅಕ್ಕಾ, ಈಗ್ತಾನೆ ಯೋಳಿದ್ಯಲ್ಲ" ಅಂತ ನಕ್ಕಳು. ನಗಲಿ.

ಆದರೆ ಎಲ್ಲರಿಗಿಂತ ಮೊದಲು ಯಾರಿಗೆ ಹೇಳಬೇಕಿತ್ತೋ ಅವರು ಈಗಿಲ್ಲ. ನಮ್ಮೂರಿನ ಆಚಾರ್ರು, ಮರಗೆಲಸದವರು. ಬಾಯಲ್ಲಿ ಹೇಳಲಾಗದೆ ಉಳಿದದ್ದನ್ನು ಬರೆದಾದರೂ ಇಡೋಣ ಅಂತ ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ಮೊಮ್ಮಗಳು ತಿದ್ದುತ್ತಾಳೆ, ಮಾತು ನನ್ನದೇ.

ಅವರ ಎಡಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಹಾಗಿತ್ತು. ಕಪ್ಪಗೆ, ದಪ್ಪಗೆ, ನುಣ್ಣಗೆ. ಐವತ್ತು ವರ್ಷ ಸುತ್ತಿಗೆಯ ಏಟು ತಿಂದು ತಿಂದು ಹಾಗಾದದ್ದು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇದ್ದರೂ ಮರದ ಮೇಲೆ ಗೆರೆ ಎಳೆಯುವುದಕ್ಕೆ ಅವರಿಗೆ ಆ ಉಗುರೇ ಬೇಕು. ಎರಡು ತುಂಡು ಒಂದಕ್ಕೊಂದು ಸರಿಯಾಗಿ ಸೇರಿದರೆ ನಮ್ಮ ಹಾಗೆ "ಆಯ್ತು" ಅನ್ನುತ್ತಿರಲಿಲ್ಲ, "ಕೂತ್ಕತು" ಅನ್ನುತ್ತಿದ್ದರು. ಸೇರದಿದ್ದರೆ "ಇನ್ನೂ ಮುನಿಸ್ಕಂಡದೆ" ಅಂತ ಹೇಳಿ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದರು, ಹೆಂಡತಿಯ ಮುನಿಸು ಇಳಿಯಲಿ ಅಂತ ಕಾಯುವವರ ಹಾಗೆ. ನಮ್ಮ ಮನೆಯ ಬಾಗಿಲು, ನನ್ನ ಮಗನ ತೊಟ್ಟಿಲು, ಆಮೇಲೆ ಮೊಮ್ಮಗಳಿಗೋಸ್ಕರ ಇನ್ನೊಂದು ತೊಟ್ಟಿಲು, ಎಲ್ಲಾ ಅವರ ಕೈಯದೇ.

ಅವರಿಗೆ ಎರಡು ಕಟ್ಟುನಿಟ್ಟು. ಒಂದು, ಏನು ಮಾಡಿದರೂ ಆಯ ನೋಡಬೇಕು. ಉದ್ದ ಅಗಲ ಅಳೆದು, ಗುಣಿಸಿ ಭಾಗಿಸಿ, ಬಂದ ಲೆಕ್ಕ ಮನೆಯವರಿಗೆ ಒಳ್ಳೇದಾಗುವಂಥದ್ದಿರಬೇಕು. ಇಲ್ಲದಿದ್ದರೆ ಒಂದಿಂಚೋ ಎರಡಿಂಚೋ ಹೆಚ್ಚುಕಡಿಮೆ ಮಾಡಿ ಸರಿಗೆ ತರುತ್ತಿದ್ದರು. ಆಯ ತಪ್ಪಿದ ಮಂಚದಲ್ಲಿ ನಿದ್ದೆ ಹತ್ತುವುದಿಲ್ಲ ಅನ್ನುವುದು ಅವರ ನಂಬಿಕೆ. ಇನ್ನೊಂದು, ಮಾಡಿ ಕೊಟ್ಟ ಸಾಮಾನಿಗೆ ಮತ್ತೆ ಉಳಿ ಗರಗಸ ಮುಟ್ಟಿಸಬಾರದು. ಯಜಮಾನರಂಥ ಯಜಮಾನರು ಬಂದು ಕೇಳಿದರೂ "ಕೊಟ್ಟ ಹೆಣ್ಣು, ಕೊಟ್ಟ ಸಾಮಾನು. ಇನ್ನು ಅದು ನಿಮ್ದು" ಅಂತ ಕಳಿಸಿಬಿಡುತ್ತಿದ್ದರು.

ಈಗ ನನ್ನ ಮೊಮ್ಮಗಳ ವಿಷಯ. ಇಪ್ಪತ್ತನಾಲ್ಕು ವರ್ಷ ಅವಳಿಗೆ. ಸುತ್ತ ನಾಲ್ಕೂರಿಗೆ ರವಿಕೆ ಹೊಲಿಯುತ್ತಿದ್ದಳು, ಬೈಲಕುಪ್ಪೆಯ ಅಂಗಡಿಗೆ ಪರದೆ ಹೊಲಿದು ಕೊಡುತ್ತಿದ್ದಳು. ಹೋದ ವರ್ಷ ದೀಪಾವಳಿಗೆ ಮುಂಚೆ ಒಂದು ದಿನ ಹಸು ಕೂಗುತ್ತಿತ್ತು, ಅವಳು ಮೆಷಿನ್ನಿನ ಮುಂದೆ ಕೂತಿದ್ದಳು. "ಆಮೇಲೆ ಹೊಲಿವಂತೆ, ಮೊದ್ಲು ಒಸಿ ಮೇವು ಕತ್ತರ್ಸಾಕೋಗು" ಅಂದವಳು ನಾನು. ಮೇವು ಕತ್ತರಿಸುವ ಮೆಷಿನ್ನಿಗೆ ಬಲಗೈ ಸಿಕ್ಕಿತು. ಮೂರು ಬೆರಳು ಹೋದವು. ಮನೆಯಲ್ಲಿ ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಗಾಯ ಮಾಗಿತು. ಹುಡುಗಿ ಮಾತ್ರ ಮೂಲೆ ಹಿಡಿದಳು. ಬೆಳಗಿನಿಂದ ಫೋನು, ಫೋನು. ಯಾರು ಏನು ಕೇಳಿದರೂ ತಲೆ ಎತ್ತುತ್ತಿರಲಿಲ್ಲ. ನನ್ನ ಸೊಸೆ ಅಳುತ್ತಿದ್ದಳು. ನನ್ನ ಮಗ ಒಂದು ದಿನ ತಡೆಯಲಾರದೆ "ಆ ಫೋನ್ ಒಳಗೇನಾದ್ರೂ ನಿನ್ ಬೆರಳು ಸಿಕ್ತದಾ?" ಅಂದುಬಿಟ್ಟ. ಅಂದವನು ತಾನೇ ಎದ್ದು ಹೊಲದ ಕಡೆ ಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಆಚಾರ್ರು ನಮ್ಮ ಕೊಟ್ಟಿಗೆಗೆ ಹೊಸ ಬಾಗಿಲು ಇಡಲು ಬಂದಿದ್ದರು. ಮಜ್ಜಿಗೆ ಕುಡಿಯಲು ಜಗುಲಿ ಮೇಲೆ ಕೂತರು. ಪಕ್ಕದಲ್ಲೇ ಇವಳು, ಕೈಯಲ್ಲಿ ಫೋನು.

"ಏನ್ ಮಗಾ ಅಷ್ಟೊಂದ್ ನೋಡ್ತಿದ್ದೀಯೆ? ನಂಗೂ ಒಸಿ ತೋರ್ಸು."

"ಏನಿಲ್ಲ ತಾತ. ಮನೆ ಫೋಟೋ."

"ಮನೆ ಫೋಟೋ ಆದ್ರೆ ನಾನೇ ನೋಡ್ಬೇಕಾದ್ದು. ಕೊಡಿಲ್ಲಿ."

ಅವಳು ಫೋನನ್ನು ಅವರ ಕಡೆ ತಿರುಗಿಸಿದಳು. ನಾನೂ ಇಣುಕಿದೆ. ಬಿಳಿ ಗೋಡೆ, ಗೋಡೆಗೆ ತೂತು ತೂತಿನ ಹಲಗೆ, ಅದರಲ್ಲಿ ಬಣ್ಣ ಬಣ್ಣದ ನೂಲಿನ ಉಂಡೆ ಸಿಕ್ಕಿಸಿದ್ದರು. ಗಾಜಿನ ಜಾಡಿಯಲ್ಲಿ ಗುಂಡಿ. ಕಿಟಕಿಯಲ್ಲಿ ಬಳ್ಳಿ ಗಿಡ. ಇನ್ನೊಂದರಲ್ಲಿ ಬೀರು, ಮತ್ತೊಂದರಲ್ಲಿ ಮಡಿಸುವ ಮೇಜು. ಬೆರಳು ಸರಿಸಿದ ಹಾಗೆಲ್ಲ ಬರುತ್ತಲೇ ಇದ್ದವು. ಆಚಾರ್ರು ಒಂದು ಬೀರು ನೋಡಿ ಅವಳ ಕೈ ತಡೆದರು.

"ಇದ್ರ ಹಿಂದ್ಗಡೆ ತೋರ್ಸು."

"ಹಿಂದ್ಗಡೆ ಇಲ್ಲ ತಾತ, ಫೋಟೋ ಇದು."

"ಹಂಗಾರೆ ಅರ್ಧ ಕೆಲ್ಸ ಮುಚ್ಚಿಟ್ಟವ್ರೆ ಅನ್ನು."

ಆರು ತಿಂಗಳ ಮೇಲೆ ಮೊದಲ ಸಲ ಅವಳ ಹಲ್ಲು ಕಂಡಿತು. ಅವರು ಮಡಿಸುವ ಗಜಕಡ್ಡಿ ತೆಗೆದು ಫೋನಿನ ಮೇಲೇ ಇಟ್ಟು ಮೇಜಿನ ಎತ್ತರ ಅಳೆಯಹೋದರು. ಇವಳು ಚೆನ್ನಾಗಿ ಕಾಣಲಿ ಅಂತ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. "ಇದೇನವ್ವಾ, ಗಳಿಗೆಗೊಂದ್ ಅಳ್ತೆ! ಇಂಥಾ ಮರ ಎಲ್ ಸಿಕ್ತದೆ ಯೋಳು, ನಾನೂ ತತ್ತೀನಿ" ಅಂದರು. ಕೊಟ್ಟಿಗೆ ಬಾಗಿಲು ಆ ದಿನ ಹಾಗೇ ಉಳಿಯಿತು.

ಮಾರನೇ ದಿನ ಅವರು ನನ್ನ ಮಗನನ್ನು ಕರೆದು, ಹಿತ್ತಲಿನಲ್ಲಿರುವ ಬ್ಯಾರನ್ನು ಬಿಟ್ಟುಕೊಡು ಅಂತ ಕೇಳಿದರು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಒಳಗೆ ಸೊಪ್ಪು ನೇತುಹಾಕಲು ಅಂತಸ್ತು ಅಂತಸ್ತಾಗಿ ಗಳ ಕಟ್ಟಿರುತ್ತಾರೆ. ನಾವು ಹೊಗೆಸೊಪ್ಪು ಬಿಟ್ಟು ಶುಂಠಿ, ಜೋಳ ಹಾಕಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಬ್ಯಾರನ್ನಿನಲ್ಲಿ ಗೋಣಿಚೀಲ, ಮುರಿದ ಸ್ಪ್ರೇಯರು, ಇಲಿ ಇದ್ದವು.

"ಆಚಾರ್ರೇ, ಅವ್ಳು ಇನ್ ಹೊಲಿಯಾಕಿಲ್ಲ. ಸುಮ್ನೆ ಆಸೆ ಹುಟ್ಟಿಸ್ಬ್ಯಾಡಿ" ಅಂದ ಮಗ.

"ಆಸೆ ನಾನ್ ಹುಟ್ಟಿಸಿದ್ದಲ್ಲ ಕಣಪ್ಪ. ಆರ್ ತಿಂಗ್ಳಿಂದ ಅವ್ಳು ಏನ್ ನೋಡ್ತಾವ್ಳೆ ಅಂತ ನೀನೊಂದ್ ದಿನನಾದ್ರೂ ಬಗ್ ನೋಡ್ದಾ? ಒಂದ್ ಫೋಟೋದಾಗೂ ಮಂಚ ಇಲ್ಲ, ಸೋಪಾ ಇಲ್ಲ. ಎಲ್ಲಾ ಕೆಲ್ಸದ್ ಜಾಗ."

ಮಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಒಂದೇ ಮನೆಯಲ್ಲಿದ್ದು ನಾವು ಮೂವರೂ ಕಾಣದ್ದನ್ನು, ಮಜ್ಜಿಗೆ ಕುಡಿಯಲು ಕೂತವರು ಕಂಡಿದ್ದರು.

ಕೆಲಸ ಹಿಡಿದರು. ಗೋಡೆಗೆ ಸುಣ್ಣ ಬಳಿದದ್ದು ನನ್ನ ಮಗ, ಮೂರು ಸಲ. ಆದರೂ ಹೊಗೆಸೊಪ್ಪಿನ ವಾಸನೆ ಪೂರ್ತಿ ಹೋಗಿಲ್ಲ, ಮಳೆ ಬಂದ ದಿನ ಇವತ್ತಿಗೂ ಬರುತ್ತದೆ. ಮೇಲಿನ ಗಳ ಬಿಚ್ಚಿ, ಕೆಳಗಿನ ಸಾಲನ್ನು ಹೊಲಿದ ಬಟ್ಟೆ ತೂಗುಹಾಕಲು ಉಳಿಸಿದರು. ಸೊಪ್ಪು ಕಟ್ಟುತ್ತಿದ್ದ ಹಳೇ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ, ಹಲಗೆಗೆ ತೂತು ಕೊರೆದು, ಫೋಟೋದಲ್ಲಿದ್ದ ಹಾಗೇ ನೂಲಿನ ಉಂಡೆಗೆ ಗೂಟ ಮಾಡಿದರು. ಗೂಟ ಹೊಡೆಯುವ ಮುಂಚೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗೈ ಚಾಚಲು ಹೇಳಿ, ಅದು ಎಲ್ಲೆಲ್ಲಿಗೆ ಎಟುಕುತ್ತದೋ ಅಲ್ಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಕಮಾನಿನ ಹಾಗೆ ಗೆರೆ ಎಳೆದರು. ಗೆರೆಯ ಆಚೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ಕಿಟಕಿಯ ವಿಷಯದಲ್ಲಿ ಇವಳು ಹಠ ಮಾಡಿದಳು. ಫೋಟೋದಲ್ಲಿ ಎಡಕ್ಕಿದೆ, ನನಗೂ ಎಡಕ್ಕೇ ಬೇಕು ಅಂತ.

"ಆ ಫೋಟೋದೋಳು ಬಲಗೈಯೋಳು ಮಗಾ. ಅವ್ಳಿಗೆ ಎಡಗಡೆ ಬೆಳ್ಕು ಸರಿ. ನೀನೀಗ ಎಡಗೈಯೋಳು. ಎಡಕ್ ಕಿಟ್ಕಿ ಇಟ್ರೆ ನಿನ್ ಕೈ ನೆಳ್ಳು ನಿನ್ ಬಟ್ಟೆ ಮೇಲೇ ಬೀಳ್ತದೆ."

ಅವಳನ್ನು "ಎಡಗೈಯೋಳು" ಅಂತ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನಾವೆಲ್ಲ ಅವಳ ಕೈಯನ್ನು ನೋಡಿಯೂ ನೋಡದ ಹಾಗೆ ಇದ್ದೆವು. ಅವಳು ಫೋನನ್ನು ಮಗುಚಿಟ್ಟು, "ಹಂಗಾರೆ ಬಲಕ್ಕೇ ಇಡಿ ತಾತ" ಅಂದಳು.

ಕೊನೆಗೆ ಬಂದದ್ದು ಬಟ್ಟೆ ಕತ್ತರಿಸುವ ಮೇಜು. ಹಲಸಿನ ಮರದ್ದು. ಅದನ್ನು ನಾಲ್ಕು ಜನ ಹೊತ್ತು ತಂದು ಇಟ್ಟಾಗ ಊರೇ ಬಂದು ನೋಡಿತು. ಮೈಸೂರಿನಿಂದ ಎಡಗೈ ಕತ್ತರಿಯನ್ನೂ ತರಿಸಿದೆವು. ಮೊದಲು ಹಳೇ ಪೇಪರ್ ಕತ್ತರಿಸಿ ಅಭ್ಯಾಸ ಮಾಡುತ್ತೇನೆ ಅಂದಳು ಹುಡುಗಿ. ಒಂದು ವಾರ ಮಾಡಿದಳು. ಆಮೇಲೆ ದಿನಕ್ಕೆ ಅರ್ಧ ಗಂಟೆಯಾಯಿತು. ಆಮೇಲೆ ಮತ್ತೆ ಮೂಲೆ, ಮತ್ತೆ ಫೋನು. ಪಕ್ಕದಲ್ಲಿ ಕೂತು ಬಿಡದೆ ಕೇಳಿದೆ.

"ಭುಜ ನೋಯ್ತದೆ ಅಜ್ಜಿ. ಬಲಗೈ ಊರಿ ಪೇಪರ್ ಅದುಮ್ಕಳಕಾಗಲ್ಲ. ಟೇಬ್ಲು ಎತ್ರ ಆಗದೆ. ತಾತಂಗೆ ಯೋಳ್ಬ್ಯಾಡ, ಅಷ್ಟ್ ಪ್ರೀತಿಯಿಂದ ಮಾಡ್ಕೊಟ್ಟವ್ರೆ."

ನಾನು ಆ ಗಳಿಗೆಯೇ ಹೋಗಿ ಹೇಳಿದೆ. ಒಂದು ಸಲ ನನ್ನ ಮಾತಿನಿಂದ ಅವಳ ಕೈ ಹೋಗಿತ್ತು. ಇನ್ನೊಂದು ಸಲ ನನ್ನ ಮೌನದಿಂದ ಹೋಗಬಾರದು ಅನ್ನಿಸಿತು.

ಆಚಾರ್ರು ಬಂದರು. ಅವಳನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಎರಡೂ ಕೈ ಮೇಜಿನ ಮೇಲೆ ಬಿಡು ಅಂದರು. ಬಲ ಭುಜ ಕಿವಿಯ ಹತ್ತಿರಕ್ಕೆ ಏರಿ ನಿಂತಿತು. ನೋಡಿದರು. ಗಜಕಡ್ಡಿ ಮಡಿಸಿಕೊಂಡು ಎದ್ದು ಹೋದರು. ಅವರಿಗೆ ಬೇಜಾರಾಯಿತು, ಇನ್ನು ಬರುವುದಿಲ್ಲ ಅಂದುಕೊಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಗರಗಸ ಹಿಡಿದು ಬ್ಯಾರನ್ನಿನ ಮುಂದೆ ನಿಂತಿದ್ದರು.

"ಕೊಟ್ ಸಾಮಾನು ಮುಟ್ಟಾಕಿಲ್ಲ ಅಂತಿದ್ರಿ" ಅಂದ ನನ್ನ ಮಗ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ.

"ಆಯ ಕೂಡ್ನಿಲ್ಲ ಅಂತ ಎರಡಿಂಚು ಎತ್ರ ಮಾಡ್ದೆ ಕಣಪ್ಪ. ಮನೆಗ್ ನೋಡ್ಬೇಕು ಆಯ, ಮಂಚಕ್ ನೋಡ್ಬೇಕು. ಈ ಟೇಬ್ಲಿಗೆ ಈ ಮಗೀನ್ ಕೈಯೇ ಆಯ. ಎಪ್ಪತ್ ವರ್ಸಾದ್ರೂ ನಂಗ್ ತಿಳೀನಿಲ್ಲ."

ಮೇಜನ್ನು ಮಗುಚಿ ಹಾಕಿ, ನಾಲ್ಕು ಕಾಲಿನ ಮೇಲೂ ಉಗುರಿನಿಂದ ಗೆರೆ ಎಳೆದು ಕೊಯ್ದರು. ಒಬ್ಬ ಮನುಷ್ಯ ತನ್ನ ಜೀವಮಾನದ ನೇಮವನ್ನು ನನ್ನ ಮೊಮ್ಮಗಳಿಗೋಸ್ಕರ ಮುರಿದದ್ದನ್ನು ನಾನು ಕಣ್ಣಾರೆ ನೋಡಿದೆ. ಮೇಜು ನಿಲ್ಲಿಸಿದರು. ಅವಳು ಅಂಗೈ ಊರಿದಳು. ಆಚಾರ್ರು ಅವಳ ಭುಜವನ್ನೇ ನೋಡುತ್ತಿದ್ದರು. ಅವರು ಹೇಳಲಿಲ್ಲ, ಅವಳೇ ಹೇಳಿದಳು, "ಕೂತ್ಕತು ತಾತ" ಅಂತ.

ಆಯುಧಪೂಜೆಗೆ ಬಂದು ಅವಳ ಮೆಷಿನ್ನಿಗೆ ಕುಂಕುಮ ಇಟ್ಟುಹೋದರು. ಅದಾಗಿ ಹದಿನೈದು ದಿನಕ್ಕೆ, ಮಧ್ಯಾಹ್ನ ಹಲಗೆ ನುಣುಪು ಮಾಡಲು ಹತ್ತರಿ ಉಜ್ಜುತ್ತಾ ಇದ್ದವರು ಎದೆ ಹಿಡಿದುಕೊಂಡು ಕೂತರಂತೆ. ಹುಣಸೂರು ತಲುಪುವ ಮುಂಚೆ ಜೀವ ಹೋಯಿತು. ಅವರಿದ್ದಾಗ ಇವಳು ಕತ್ತರಿಸಿದ್ದು ಬರೀ ಪೇಪರು. ಒಂದು ಹೊಲಿಗೆಯನ್ನೂ ಅವರು ನೋಡಲಿಲ್ಲ. ಮಣ್ಣು ಮುಗಿಸಿಕೊಂಡು ಬಂದ ದಿನ ಇವಳು ಬ್ಯಾರನ್ನಿಗೆ ಬೀಗ ಹಾಕಿದಳು. ಕೀಲಿಕೈ ಎಲ್ಲಿಟ್ಟಳು ಅಂತ ನಾವು ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಆಚಾರ್ರ ಹೆಂಡತಿ ಒಂದು ಬಟ್ಟೆ ತುಂಡು ಹಿಡಿದು ಬಂದರು. ಬಾಗಿಲಲ್ಲೇ ನಿಂತು ಶುರುಮಾಡಿದರು.

"ಏನವ್ವಾ, ಅಂಗ್ಡಿ ಇಟ್ಟೋರು ಅಂಗ್ಡಿ ಮುಚ್ಕಂಡು ಕೂತ್ಕತ್ತಾರಾ? ನನ್ ರವಿಕೆಯೆಲ್ಲಾ ಅರಿದೋಗವೆ. ಹೊಲ್ಕೊಡು."

"ನನ್ ಕೈಲಿ ಕೆಟ್ಟೋದ್ರೆ ಅಜ್ಜಿ?"

"ಕೆಟ್ಟೋದ್ರೆ ಬಿಚ್ಚು, ಇನ್ನೊಂದ್ ಕಿತಾ ಹೊಲಿ. ಮದ್ವೆಯಾದ್ ವರ್ಸ ನಿಮ್ ತಾತ ನನ್ ಮಂಚದ್ ಕಾಲ ಮೂರ್ ಸಲ ಕೆಡಿಸಿದ್ರು. ಈಗಿನ್ ಕಾಲ್ದೋರಾಗಿದ್ರೆ ಬುಟ್ಟೋಗ್ತಿದ್ರು. ನಾನ್ ನೆಲದ್ ಮೇಲೆ ಮಲಗ್ದೆ. ನಂಗೇನ್ ಅವಸ್ರ?"

ಅಷ್ಟು ಹೇಳಿ ಬಟ್ಟೆಯನ್ನು ಅವಳ ತೊಡೆಯ ಮೇಲೆ ಹಾಕಿ ಹೋದರು. ಅವರ ಕಣ್ಣು ತುಂಬಿದ್ದು ಬೀದಿಗೆ ಇಳಿದ ಮೇಲೆ ನನಗೆ ಕಂಡಿತು. ಅವಳಿಗೆ ಕಾಣಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅವಳೇ ಬ್ಯಾರನ್ನಿನ ಬೀಗ ತೆಗೆದಳು. ಒಂಬತ್ತು ದಿನ ಹಿಡಿಯಿತು. ತೋಳು ಮೂರು ಸಲ ಬಿಚ್ಚಿದಳು. ನಾನು ಬ್ಯಾರನ್ನಿನ ಹೊರಗೆ ಅವರೆಕಾಯಿ ಸುಲಿಯುತ್ತಾ ಕೂತು ಮೆಷಿನ್ನಿನ ಸದ್ದು ಕೇಳುತ್ತಿದ್ದೆ. ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. ನಿನ್ನೆ ಬೆಳಿಗ್ಗೆ ಆ ಅಜ್ಜಿ ರವಿಕೆ ತೊಟ್ಟು, ಕೈ ಮೇಲೆತ್ತಿ, ಕೈ ಕೆಳಗಿಳಿಸಿ, ಬ್ಯಾರನ್ನಿನ ಬಲಗಡೆ ಕಿಟಕಿಯ ಬೆಳಕಿನಲ್ಲಿ ಒಂದು ಸುತ್ತು ತಿರುಗಿದರು. ಮೇಜಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಚಾರ್ರೇ, ನಿಮ್ಮ ಋಣ ತೀರಿಸುವ ಶಕ್ತಿ ನನಗಿಲ್ಲ. ತೀರದೆ ಇರಲಿ ಅಂತಲೇ ನನ್ನ ಆಸೆ.

ಸಂಜೆ ಆಚಾರ್ರ ಹೆಂಡತಿಯನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಹಿತಕಿದಬೇಳೆ ಸಾರು, ಮುದ್ದೆ, ಶಾವಿಗೆ ಪಾಯಸ ಮಾಡಿದ್ದೆವು. ನಡುಮನೆಯಲ್ಲಿ ತಟ್ಟೆ ಹಾಕಿದ್ದಾಯಿತು. ಬೆರಳು ಹೋದ ದಿನದಿಂದ ನನ್ನ ಮೊಮ್ಮಗಳು ನಮ್ಮ ಜೊತೆ ಕೂತು ಉಂಡವಳಲ್ಲ. ಬಲಗೈಯಲ್ಲಿ ತುತ್ತು ನಿಲ್ಲುವುದಿಲ್ಲ, ಎಡಗೈಯಲ್ಲಿ ಉಣ್ಣಬಾರದು ಅಂತ ಚಿಕ್ಕಂದಿನಲ್ಲಿ ಕೈಗೆ ಹೊಡೆದು ಕಲಿಸಿದವರು ನಾವೇ. ತಟ್ಟೆ ತೆಗೆದುಕೊಂಡು ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಚಮಚದಲ್ಲಿ ಉಣ್ಣುತ್ತಿದ್ದಳು. ನಿನ್ನೆ ಬಂದು ಅವಳಪ್ಪನಿಗೂ ಆ ಅಜ್ಜಿಗೂ ನಡುವೆ ಕೂತಳು. ಎಡಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟಳು.

ನನ್ನ ಮಗ ಒಂದು ಸಲ ನೋಡಿ ತನ್ನ ತಟ್ಟೆಗೆ ತಲೆ ಬಗ್ಗಿಸಿದ. ಸೊಸೆ ಸೌಟು ಹಿಡಿದು ಹಾಗೇ ನಿಂತಿದ್ದಳು. ಆಚಾರ್ರ ಹೆಂಡತಿ "ಸಾರ್‌ಗೆ ಒಸಿ ಉಪ್ಪು ಕಮ್ಮಿ ಆಗದೆ ಕಣವ್ವ" ಅಂದರು. ಎಲ್ಲರೂ ನಕ್ಕರು, ಸೊಸೆ ಉಪ್ಪು ತಂದಳು. ಯಾವಾಗಲೂ ಕೊನೆಗೆ ಉಣ್ಣುವವಳು ನಾನು. ನಿನ್ನೆ ನನ್ನ ತಟ್ಟೆಯನ್ನೂ ತಂದು ಅವರ ಎದುರಿಗೆ ಹಾಕಿಕೊಂಡೆ, ಸೊಸೆಯನ್ನೂ ಕೈಹಿಡಿದು ಕೂರಿಸಿದೆ. ಬೇಕಾದವರು ಬೇಕಾದಷ್ಟು ಬಡಿಸಿಕೊಂಡರು. ಎಲ್ಲರೂ ಒಟ್ಟಿಗೆ ಉಂಡೆವು.