ಬೇವಿನ ಗಿಡಕ್ಕೆ ತೂಗುಹಾಕಿದ ಬಿಳಿ ಕೋಟು

ಮೊನ್ನೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದೆ. ಚಹಾ ಅಂಗಡಿಯ ಹಿಂದೆ ಯಾರೋ ಸಿಗರೇಟು ಹಚ್ಚಿದರು. ಮರ್ಯಾದಸ್ಥ ಮನೆಯ ಹುಡುಗಿಯರು ಆಗ ಓಢಣಿಯಿಂದ ಮೂಗು ಮುಚ್ಚಿಕೊಳ್ಳಬೇಕು. ನಾನು ಬ್ಯಾಗು ಎತ್ತಿಕೊಂಡು ಹೊಗೆಯ ಕಡೆಗೇ ನಾಲ್ಕು ಹೆಜ್ಜೆ ಹೋದೆ. ಆ ಮನುಷ್ಯ ಗಾಬರಿಯಾಗಿ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ. ನಾನು ಅವನ ಹೆಂಡತಿಯ ತವರಿನವಳು ಎಂದುಕೊಂಡನೋ ಏನೋ. ನೀವು ತಪ್ಪು ತಿಳಿಯಬೇಡಿ. ಹದಿನೇಳು ವರ್ಷದಲ್ಲಿ ನಾನು ಒಂದು ಊದುಬತ್ತಿಗೂ ಬಾಯಿ ಹಚ್ಚಿದವಳಲ್ಲ. ಆದರೆ ಆ ವಾಸನೆ ನನಗೆ ಸಂಜೆ ನಾಲ್ಕೂವರೆಯ ವಾಸನೆ, ನಮ್ಮ ಪಪ್ಪನ ವಾಸನೆ.

ಪಪ್ಪ ಡಾಕ್ಟರ್. ನಾನು ಏಳನೇ ತರಗತಿಯಲ್ಲಿದ್ದಾಗ ಸಿಂದಗಿಯ ಒಂದು ದವಾಖಾನೆಯಲ್ಲಿದ್ದರು. ಅದರ ಹಿಂಬಾಗಿಲ ಹೊರಗೆ ಒಂದು ಬೇವಿನ ಗಿಡ, ಗಿಡಕ್ಕೊಂದು ಮೊಳೆ. ಧೂಮಪಾನ ನಿಷೇಧದ ಫಲಕ ದವಾಖಾನೆಯ ಕಡೆಗೆ ಮುಖ ಮಾಡಿತ್ತು. ಗಿಡದ ಕಡೆಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು, ಪಾಪ, ಅದಕ್ಕೂ ನಾಚಿಕೆ. ನಾಲ್ಕೂವರೆಗೆ ಪಪ್ಪ ಬಂದು ಬಿಳಿ ಕೋಟು ಬಿಚ್ಚಿ ಆ ಮೊಳೆಗೆ ಹಾಕುತ್ತಿದ್ದರು. ಕೋಟಿಗೆ ವಾಸನೆ ಹತ್ತಿದರೆ ರೋಗಿಗಳ ಮುಂದೆ ಮಾನ ಹೋಗುತ್ತದೆಂಬ ಲೆಕ್ಕ. ಅಂಗಿ, ಮೀಸೆ, ಬೆರಳು ಎಲ್ಲ ನಾರುತ್ತಿದ್ದವು, ಅದು ಬೇರೆ ಮಾತು.

ಕ್ರಮೇಣ ಆ ಕೋಟು ದವಾಖಾನೆಯ ಕಾನೂನೇ ಆಯಿತು. "ಕೋಟು ಗಿಡಕ್ಕೈತಿ, ಡಾಕ್ಟರ್ ಇಲ್ರಿ" ಎಂದು ರೋಗಿಗಳೇ ಒಬ್ಬರಿಗೊಬ್ಬರು ಹೇಳಿ ಕೂರಿಸುತ್ತಿದ್ದರು. ಡಾಕ್ಟರ್ ಎದುರಿಗೇ ನಿಂತು ಹೊಗೆ ಬಿಡುತ್ತಿದ್ದರೂ ಇಲ್ಲ ಎಂದರೆ ಇಲ್ಲ. ಯಾರಿಗಾದರೂ ಜೀವಕ್ಕೆ ಕುತ್ತು ಬಂದರೆ ಮಾತ್ರ ಸಿಸ್ಟರ್ ಓಡಿಬಂದು ಮೊಳೆಯಿಂದ ಕೋಟು ತೆಗೆದು ಚಾಚುತ್ತಿದ್ದರು. ಮಾತೇ ಬೇಡ, ಪಪ್ಪ ತೋಳು ತೂರಿಸುತ್ತಲೇ ಓಡುತ್ತಿದ್ದರು.

ಕೋಟು ಗಿಡದಲ್ಲಿದ್ದಷ್ಟು ಹೊತ್ತು ಪಪ್ಪ ನನ್ನವರು. ಸಾಲಿ ಬಿಟ್ಟು ನೆಟ್ಟಗೆ ಅಲ್ಲಿಗೇ ಹೋಗುತ್ತಿದ್ದೆ. ಹತ್ತು ನಿಮಿಷ. ಆದರೆ ಹೊಗೆ ನನಗೆ ತಾಗಬಾರದು. ಪಪ್ಪ ಮೊದಲು ಒಂದು ಒಣಗಿದ ಎಲೆ ಹಾರಿಸಿ ಗಾಳಿಯ ದಿಕ್ಕು ನೋಡಿ, "ಅವ್ವಿ, ಆ ಕಲ್ಲಿನ ಮ್ಯಾಲ ಕೂಡು. ಇತ್ತ ಬರಬ್ಯಾಡ" ಎನ್ನುತ್ತಿದ್ದರು. ಇಪ್ಪತ್ತು ಹೆಜ್ಜೆ ದೂರದ ಕಲ್ಲು. ಹೀಗಾಗಿ ನಮ್ಮ ಅಪ್ಪ-ಮಗಳ ಗುಟ್ಟುಗಳೆಲ್ಲ ಒದರಾಟದಲ್ಲೇ ನಡೆದವು.

"ಪಪ್ಪಾ, ಗಣಿತದಾಗ ಒಂಬತ್ತ ಬಂದಾವು!"

"ಎಷ್ಟಕ್ಕ?"

"ಇಪ್ಪತ್ತೈದಕ್ಕ!"

ಇಂಜೆಕ್ಷನ್ ಸಾಲಿನಲ್ಲಿದ್ದ ಒಬ್ಬ ಅತ್ತೆವ್ವ ತನ್ನ ನೋವು ಮರೆತು "ಅಯ್ಯ, ಡಾಕ್ಟರ್ ಮಗಳಾಗಿ!" ಎಂದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

ಪಪ್ಪನ ಚಟವನ್ನು ನೇರವಾಗಿ ಎತ್ತಿದವರು ಒಬ್ಬರೇ, ಆಲಮೇಲದ ಕಡೆಯ ಬೀರಪ್ಪಜ್ಜ. ಕುರಿ ಕಾಯುವವರು, ಕೆಮ್ಮಿದರೆ ದವಾಖಾನೆಯ ಕಿಟಕಿಗಳು ಅದುರುತ್ತಿದ್ದವು.

"ಬೀಡಿ ಬಿಡದಿದ್ರ ಈ ಕೆಮ್ಮು ಹೋಗಂಗಿಲ್ಲ ನೋಡಜ್ಜಾ."

"ಬಿಡೂಣ್ರಿ ಸಾಹೇಬ್ರ. ಯಾವತ್ತ ಬಿಡೂಣು ಇಬ್ರೂ?"

ಪಪ್ಪ ಸ್ಟೆತಾಸ್ಕೋಪನ್ನು ಮತ್ತೆ ಅಜ್ಜನ ಎದೆಗೆ ಹಚ್ಚಿದರು. ಉತ್ತರ ಗೊತ್ತಿಲ್ಲದಾಗ ಡಾಕ್ಟರುಗಳು ಹಾಗೆಯೇ ಮಾಡುತ್ತಾರೆ.

ಈ ಮಾತನ್ನೂ ಕೋಟಿನ ಕಥೆಯನ್ನೂ ನಾನು ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಆದರೆ ಚಪ್ಪಾಳೆ ಸಿಗುತ್ತದೆಂದರೆ ನಾನು ನಮ್ಮವ್ವನ ಸಕ್ಕರೆ ಡಬ್ಬಿಯ ಜಾಗವನ್ನೂ ಹೇಳುವವಳು. ಸಾಲಿಯಲ್ಲಿ ತಂಬಾಕು ವಿರೋಧಿ ಕಾರ್ಯಕ್ರಮ ಬಂತು. ಮುಖ್ಯ ಅತಿಥಿ ಯಾರು? ಪಪ್ಪ! ನಾನು ಅವರದೇ ಹಳೆಯ ಕೋಟು ತೊಟ್ಟು ವೇದಿಕೆ ಹತ್ತಿದೆ. ಕೋಟು ಬಿಚ್ಚಿ ಕಿಟಕಿಗೆ ತೂಗುಹಾಕಿದೆ. ಸೀಮೆಸುಣ್ಣ ತುಟಿಗಿಟ್ಟು, ಎಲೆ ಹಾರಿಸಿ, ಮೀಸೆ ತಿರುವಿ, "ಬೀಡಿ ಬಿಡಜ್ಜಾ" ಎಂದು ಕೆಮ್ಮುತ್ತ ಕೆಮ್ಮುತ್ತ ನೆಲಕ್ಕುರುಳಿದೆ. ಮಕ್ಕಳು ಬೆಂಚು ಬಡಿದರು. ಹೆಡ್ ಮಾಸ್ತರರು ನಗಬೇಕೋ ಬೇಡವೋ ತಿಳಿಯದೆ ಕರವಸ್ತ್ರ ಬಾಯಿಗಿಟ್ಟುಕೊಂಡರು.

ಪಪ್ಪ ಕೊನೆಯಲ್ಲಿ ಎದ್ದರು. ಭಾಷಣದ ಚೀಟಿ ಮಡಚಿದರು. ಜೇಬಿನಿಂದ ಸಿಗರೇಟಿನ ಪಾಕೀಟು ತೆಗೆದು ಹೆಡ್ ಮಾಸ್ತರರ ಕೈಗಿಟ್ಟರು. "ನನ್ನ ಮಗಳು ನನಗಿಂತ ಚಲೋ ಮಾತಾಡಿದ್ಲು. ಇವತ್ತಿಗೆ ಮುಗೀತು" ಎಂದು ಕೂತರು. ಮಾಸ್ತರರು ಆ ಪಾಕೀಟನ್ನು ಎಲ್ಲಿಡಬೇಕೆಂದು ತೋಚದೆ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟರು. ನನಗೆ ಮೊದಲ ಬಹುಮಾನ, ನೀರು ಕುಡಿಯುವ ಒಂದು ಸ್ಟೀಲ್ ವಾಟಗ.

ಪಪ್ಪ ಮಾತಿನ ಮನುಷ್ಯ, ನಿಜಕ್ಕೂ ಬಿಟ್ಟರು. ಮರುದಿನ ನಾಲ್ಕೂವರೆಗೆ ಹೋಗಿ ಕಲ್ಲಿನ ಮೇಲೆ ಕೂತೆ. ಮೊಳೆ ಖಾಲಿ. ಐದಾಯಿತು. ಒಳಗೆ ಹೋದರೆ ಪಪ್ಪನ ಸುತ್ತ ಜನವೇ ಜನ, ಮೈಮೇಲೆ ಕೋಟು. "ಅವ್ವಿ, ಮನಿಗೆ ನಡಿ. ಪೇಶಂಟ್ ಭಾಳ ಅದಾರ." ಮರುದಿನವೂ ಅಷ್ಟೇ. ಕೋಟು ಕಳಚಲು ಪಪ್ಪನಿಗೆ ಈಗ ಕಾರಣವೇ ಉಳಿದಿರಲಿಲ್ಲ. ಬೀರಪ್ಪಜ್ಜ ತಾನೂ ಬೀಡಿ ಬಿಟ್ಟೆನೆಂದು ಹೇಳಲು ಬಂದವರು ಹಿಂಬಾಗಿಲಲ್ಲಿ ನನ್ನನ್ನು ನೋಡಿ, "ಯಾಕವ್ವಾ, ಗೆದ್ದಾಕಿ ಹಿಂಗ ಕುಂತೀದಿ?" ಎಂದರು. ನಾನು ಗಾಳಿಯ ಮೇಲೆ ತಪ್ಪು ಹಾಕಿದೆ, ಕಣ್ಣಿಗೆ ಧೂಳು ಬಿತ್ತೆಂದೆ.

ಇನ್ನೊಂದು ಹೇಳಿಬಿಡುತ್ತೇನೆ, ಯಾರಿಗೂ ಹೇಳಬೇಡಿ. ಒಂದು ದಿನ ಪಪ್ಪನ ಊಟದ ಚೀಲದಲ್ಲಿ ಕಡ್ಡಿಪೆಟ್ಟಿಗೆ ಇಟ್ಟು ಕಳಿಸಿದೆ. ಸಂಜೆ ಅದು ಹಾಗೇ ಮರಳಿತು. "ನಿಮ್ಮವ್ವ ಇದನ್ನ ದೇವರ ಮುಂದ ಹುಡಕಾಕತ್ತಿದ್ಲಂತ. ಇಲ್ಲಿಗೆ ಹ್ಯಾಂಗ ಬಂತು?" ಎಂದರು ಪಪ್ಪ. ಬೆಕ್ಕಿನ ಹೆಸರು ಹೇಳಿದೆ. ಅಪ್ಪನ ಎದೆಗಿಂತ ನನಗೆ ನನ್ನ ಹತ್ತು ನಿಮಿಷ ದೊಡ್ಡದಾಗಿತ್ತು. ಇದನ್ನು ಎಷ್ಟು ಹಿಗ್ಗಿಸಿದರೂ ನಗು ಬರುವುದಿಲ್ಲ.

ಈಗ ಪಪ್ಪ ಮುದ್ದೇಬಿಹಾಳದ ಕಡೆ ಇದ್ದಾರೆ. ಭಾನುವಾರ ಮನೆಗೆ ಬಂದರೂ ಅರ್ಧ ದಿನ ಫೋನಿನಲ್ಲೇ ಇರುತ್ತಾರೆ. ಮೊನ್ನೆ ಬಸ್ಸು ಹತ್ತಿದಾಗ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ಮೊಳೆ ಇತ್ತು. ಅಲ್ಲಿಯ ದವಾಖಾನೆಯ ಹಿಂದೆಯೂ ಒಂದು ಬೇವಿನ ಗಿಡ ಸಿಕ್ಕಿತು. ಇಟ್ಟಿಗೆಯಿಂದ ಹೊಡೆದೆ, ಮೂರು ಏಟು ಮೊಳೆಗೆ, ಒಂದು ನನ್ನ ಹೆಬ್ಬೆರಳಿಗೆ. ಆಮೇಲೆ ಒಳಗೆ ಹೋಗಿ, ಒಬ್ಬ ರೋಗಿ ಎದ್ದು ಇನ್ನೊಬ್ಬರು ಬರುವ ನಡುವೆ, ಸೆಕೆಗೆ ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ಎತ್ತಿಕೊಂಡು ಬಂದು ಮೊಳೆಗೆ ತೂಗುಹಾಕಿದೆ.

ಪಪ್ಪ ಹಿಂದೆಯೇ ಬಂದರು. ಗಿಡ ನೋಡಿದರು, ಮೊಳೆ ನೋಡಿದರು, ನನ್ನ ಹೆಬ್ಬೆರಳು ನೋಡಿದರು. ಬಾಗಿಲಿನಿಂದ ಒಬ್ಬ ಹೆಣ್ಣುಮಗಳು ಇಣುಕಿ, "ಡಾಕ್ಟರ್ ಇಲ್ಲೇನ್ರಿ?" ಎಂದಳು.

"ಕೋಟು ಗಿಡಕ್ಕೈತೆವ್ವಾ," ಎಂದರು ಪಪ್ಪ. "ಹತ್ತ ಮಿನಿಟ್ ಡಾಕ್ಟರ್ ಇಲ್ಲ."

ಅಲ್ಲೊಂದು ಕಟ್ಟೆ ಇತ್ತು. ಕೂತೆ. ಪಪ್ಪ ಈ ಸಲ ಎಲೆ ಹಾರಿಸಲಿಲ್ಲ. ಹೊಗೆಯೇ ಇಲ್ಲ, ಗಾಳಿ ಯಾವ ಕಡೆ ಇದ್ದರೇನು? ಆದರೆ ನನ್ನ ಗಂಟಲು ಇಪ್ಪತ್ತು ಹೆಜ್ಜೆಯ ಹಳೆಯ ಅಳತೆ ಮರೆತಿರಲಿಲ್ಲ.

"ಪಪ್ಪಾ, ಗಣಿತದಾಗ ಪಾಸಾಗೇನಿ!" ಎಂದು ಒದರಿದೆ.

ನನ್ನ ಪಕ್ಕದಲ್ಲೇ ಕೂತಿದ್ದ ಪಪ್ಪ ಕಿವಿ ಉಜ್ಜಿಕೊಂಡರು.

"ಯಾಕ ಒದರ್ತಿ ಅವ್ವಿ? ಇಲ್ಲೇ ಅದೀನಲ್ಲ."