ಪ್ಲಾಸ್ಟಿಕ್ ಕೊಡದ ಹೊಗೆ

ಕರಗಿದ ಪ್ಲಾಸ್ಟಿಕ್ ಮೈಮೇಲೆ ಬಿದ್ದರೆ ಕೀಳಬಾರದು, ತಣ್ಣೀರಿಗೆ ಹಿಡಿಯಬೇಕು. ಇದನ್ನು ನಾವು ಕಲಿತದ್ದು ನನ್ನ ಗಂಡನ ಎಡಗೈಯಿಂದ. ಒಡೆದ ಕೊಡ ಬೆಸೆಯುವ ಕೆಲಸ ಹಿಡಿದ ಹೊಸದರಲ್ಲಿ ಒಂದು ತೊಟ್ಟು ಅವನ ಹೆಬ್ಬೆರಳ ಬುಡಕ್ಕೆ ಬಿತ್ತು. ಅವನು ಕಿತ್ತ; ಜೊತೆಗೆ ಚರ್ಮವೂ ಬಂತು. ನೋವಿಗೆ ಕೆಂಡದ ಸಿಗಡಿಯನ್ನೇ ಒದ್ದ. ಕೆಂಡ ಕೌದಿಯ ಮೇಲೆ ಉರುಳಿತು, ನಾನು ಕುಡಿಯುವ ನೀರನ್ನೆಲ್ಲ ಸುರಿದು ಆರಿಸಿದೆ. ನೀರು ಚೆಲ್ಲಿದೆ ಎಂದು ನನಗೇ ಬೈದ. ಕೈಗೆ ಸಿಕ್ಕ ತಂಬಿಗೆಯನ್ನು ಅವನತ್ತ ಬೀಸಿದೆ. ನಮ್ಮ ಸಂಸಾರ ಹಾಗೆಯೇ ಇತ್ತು. ಯಾರೂ ಯಾರಿಗೂ ಕಮ್ಮಿ ಇರಲಿಲ್ಲ.

ಇಬ್ಬರೂ ಶಹಾಬಾದಿನ ಕಲ್ಲಿನ ಗಣಿಯವರು. ಮದುವೆಗೆ ಮುಂಚೆ ನಾನೂ ಪರಸಿ ಹಾಸುಗಲ್ಲು ಒಡೆದವಳೇ. ಗಣಿಯ ಧೂಳು ಎದೆಯಲ್ಲಿ ಕೂತು ಅವನಿಗೆ ಸುತ್ತಿಗೆ ಎತ್ತುವುದು ಆಗದಾಯಿತು. ಆಗಷ್ಟೇ ಪೇಟೆಗೆ ಪ್ಲಾಸ್ಟಿಕ್ ಕೊಡಗಳು ಬಂದಿದ್ದವು. ಬುಡ ಸೀಳಿದರೂ ಎಸೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ವಾಡಿ ಸ್ಟೇಶನ್ನಿನ ಹೊರಗೆ ಒಬ್ಬ ಬೆಸೆಯುತ್ತಿದ್ದ. ಇವನು ನಿಂತು ನೋಡಿ ಕಲಿತುಬಂದ. ಹಳೆಯ ಗರಗಸದ ಪಟ್ಟಿಯನ್ನು ಕೆಂಡದಲ್ಲಿ ಕಾಯಿಸುವುದು, ಸೀಳಿನ ಮೇಲೆ ಎಳೆಯುವುದು, ಮೇಲೊಂದು ಚೂರು ಕರಗಿಸಿ ಮೆತ್ತುವುದು, ಇಷ್ಟೇ. ನೆರಳಲ್ಲಿ ಕೂತು ಮಾಡುವ ಕೆಲಸ, ಧೂಳಿಲ್ಲ. ನನಗೂ ಖುಷಿಯಾಗಿತ್ತು.

ಆದರೆ ಗಾಳಿಗೆ ಪಟ್ಟಿಯ ಕಾವು ನಿಲ್ಲುವುದಿಲ್ಲ. ಅದಕ್ಕೆ ಅವನು ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ನಮ್ಮದು ಬಾಡಿಗೆಯ ಒಂದೇ ಕೋಣೆ. ನೆಲ, ಮಾಡು, ಗೋಡೆ ಎಲ್ಲವೂ ಪರಸಿ ಕಲ್ಲು, ಕಿಟಕಿ ಇಲ್ಲ. ಕೊಡದ ಚೂರು ತುಪ್ಪದ ಹಾಗೆ ಕರಗುತ್ತಿತ್ತು, ವಾಸನೆಯೂ ತಡೆಯುವಂಥದ್ದು. ಅದು ಮುಗಿದರೆ ಹಳೆಯ ಪ್ಲಾಸ್ಟಿಕ್ ಚಪ್ಪಲಿ, ಕರೆಂಟಿನ ತಂತಿಯ ಸಿಪ್ಪೆ ಕತ್ತರಿಸಿ ಕರಗಿಸುತ್ತಿದ್ದ. ಆ ಹೊಗೆ ಕಣ್ಣು ಕಚ್ಚುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಇವತ್ತು ಏನು ಸುಡುತ್ತಿದ್ದಾನೆಂದು ಓಣಿಯ ತುದಿಯಲ್ಲೇ ನನಗೆ ತಿಳಿಯುತ್ತಿತ್ತು.

ಅವನ ಮದ್ದು ಬೆಲ್ಲ. ಗಣಿಯಲ್ಲಿ ಎಲ್ಲರೂ ಸಂಜೆ ಒಂದು ಚೂರು ಬೆಲ್ಲ ಅಗಿಯುತ್ತಿದ್ದರು, ನುಂಗಿದ ಧೂಳು ಇಳಿದುಹೋಗಲಿ ಎಂದು. ಹೊಗೆಗೂ ಅದೇ ಸಾಕು ಎಂದು ಇವನ ಲೆಕ್ಕಾಚಾರ. ಇನ್ನೂ ಅಂಬೆಗಾಲಿಡದ ಮಗಳಿಗೂ ಬೆರಳ ತುದಿಯಿಂದ ನೆಕ್ಕಿಸುತ್ತಿದ್ದ. ಕೂಸಿನ ಉಸಿರಿನಲ್ಲಿ ಸಿಳ್ಳು ಶುರುವಾದಾಗ ನಾನು ದವಾಖಾನೆಗೆ ಎತ್ತಿಕೊಂಡು ಹೋದೆ.

“ಮನ್ಯಾಗ ಏನ್ ಸುಡ್ತೀರವ್ವಾ?” ಎಂದು ನರ್ಸಬಾಯಿ ಕೇಳಿದಳು.

“ಪ್ಲಾಸ್ಟಿಕ್ ರೀ. ಆದ್ರ ಬೆಲ್ಲ ನೆಕ್ಕಸ್ತೀವಿ.”

“ಬೆಲ್ಲ ಹೊಟ್ಟಿಗಿ ಹೋಗ್ತದ, ಹೊಗಿ ಎದಿಗಿ ಹೋಗ್ತದ. ಎರಡೂ ಭೆಟ್ಟಿನೇ ಆಗಲ್ಲ. ಕೂಸಿಗಿ ಆ ಹೊಗ್ಯಾಗ ಇಡಬ್ಯಾಡ್ರಿ.”

ಮನೆಗೆ ಬಂದು ಹೇಳಿದೆ. “ಖಣ್ಯಾಗಿನ ಮುದುಕರೆಲ್ಲ ಹುಚ್ಚರೇನು? ಬೆಲ್ಲ ತಿಂದೇ ಬದುಕ್ಯಾರ” ಎಂದ.

“ಅಲ್ಲಿ ಎಷ್ಟ್ ಮಂದಿ ಮುದುಕರು ಉಳದಾರ, ಹೇಳ್ರಿ.”

ಅವನ ಕೈಯಲ್ಲಿದ್ದ ಬಕೆಟ್ಟು ಹಾರಿಬಂದು ನನ್ನ ಹುಬ್ಬು ಸೀಳಿತು. ನಾನು ಅದನ್ನೇ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ರಕ್ತ ಒರೆಸಿಕೊಳ್ಳುತ್ತಲೇ ಮಾತಾಯಿತು: ಕೂಸು ಒಳಗಿದ್ದಾಗ ಸಿಗಡಿ ಹಚ್ಚುವ ಹಾಗಿಲ್ಲ. ಮಳೆಗಾಲ ಬರುವ ತನಕ ಅವನು ಮಾತು ಉಳಿಸಿಕೊಂಡ.

ಆ ದಿನ ಜೋರು ಮಳೆ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ನಾನು ನಳದ ನೀರಿಗೆ ಹೋಗಿದ್ದೆ. ವಾಡಿಯ ಹೋಟೆಲಿನವನು ಬೆಸೆಯಲು ಕೊಟ್ಟ ಬಕೆಟ್ಟುಗಳು ಸಂಜೆಯ ಗಾಡಿಗೆ ಹೋಗಬೇಕಿತ್ತು. ಓಣಿಗೆ ಕಾಲಿಡುತ್ತಲೇ ಚಪ್ಪಲಿ ಸುಟ್ಟ ಹೊಗೆ ಮೂಗಿಗೆ ಹೊಡೆಯಿತು. ಬಾಗಿಲಿಗೆ ಒಳಗಿನಿಂದ ಚಿಲಕ.

“ಬಾಗಿಲಾ ತೆಗೀರಿ.”

“ತಡಿ. ಪಟ್ಟಿ ಕಾದದ, ಈಗ ಬಿಟ್ರ ಬೆಸುಗಿ ಕೆಡ್ತದ.”

“ಕೂಸು ಒಳಗದ.”

“ಬೆಲ್ಲ ನೆಕ್ಕಿಸೀನಿ. ಮಲಗ್ಯಾದ.”

ಅದು ಮಲಗಿರಲಿಲ್ಲ. ಬಾಗಿಲಿಗೆ ಕಿವಿ ಇಟ್ಟರೆ ಸಿಳ್ಳು ಕೇಳುತ್ತಿತ್ತು. ಕೇಳುತ್ತಿದ್ದಂತೆಯೇ ಅದೂ ನಿಂತಿತು. ಅವನ ಗಣಿಯ ಸುತ್ತಿಗೆ ಹೊರಗೆ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ತೊಟ್ಟಿಲು ಯಾವ ಕಡೆಗಿದೆಯೆಂದು ಗೊತ್ತಿತ್ತು. ಅದರ ಎದುರಿನ ಗೋಡೆಗೆ ಬಂದೆ. ನಿಲ್ಲಿಸಿದ ಪರಸಿಯ ನಡುವೆ ಹೊಡೆದರೆ ಕೈ ನೋಯುತ್ತದೆ, ಅಂಚಿನಿಂದ ಗೇಣು ಬಿಟ್ಟು ಹೊಡೆದರೆ ಕಲ್ಲು ಸೀಳುತ್ತದೆ. ಮೊದಲ ಏಟಿಗೆ ಬಿರುಕು ಬಿಟ್ಟಿತು. ಎರಡನೆಯದಕ್ಕೆ ಚಪ್ಪಡಿ ಒಳಗೆ ಬಿದ್ದು ಬಕೆಟ್ಟುಗಳನ್ನು ಪುಡಿ ಮಾಡಿತು. ಕಪ್ಪು ಹೊಗೆ ನನ್ನ ಮುಖಕ್ಕೆ ನುಗ್ಗಿತು.

ಸುತ್ತಿಗೆ ಬಿಟ್ಟು ಒಳಗೆ ತೂರಿದೆ. ಅವನು ನನ್ನ ಜುಟ್ಟು ಹಿಡಿದ. ಕಾದ ಪಟ್ಟಿ ಅವನ ಇನ್ನೊಂದು ಕೈಯಲ್ಲೇ ಇತ್ತು, ನನ್ನ ರೆಟ್ಟೆಗೆ ತಾಗಿ ಚುರ್ರೆಂದಿತು. ಮೊಣಕೈಯಿಂದ ಅವನ ಎದೆಗೆ ಗುದ್ದಿ ಕೆಡವಿ ಕೂಸನ್ನು ಕಿತ್ತುಕೊಂಡು ಮಳೆಗೆ ಬಂದೆ. ತುಟಿ ನೇರಳೆ ಬಣ್ಣ. ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಹೊಡೆದೆ. ಮತ್ತೆ ಹೊಡೆದೆ. ಹೆತ್ತ ಕೂಸಿಗೆ ಅಷ್ಟು ಜೋರಾಗಿ ಯಾರೂ ಹೊಡೆಯಬಾರದು.

ಅವನು ಕೆಮ್ಮುತ್ತ ಹೊರಬಂದ. “ಗ್ವಾಡಿ ಒಡದ್ಯಲ್ಲ, ಮನಿ ಮಾಲಕಗ ಏನ್ ಹೇಳ್ಲಿ?” ಎಂದ.

ಸುತ್ತಿಗೆ ನನ್ನ ಕಾಲ ಬಳಿಯೇ ಬಿದ್ದಿತ್ತು. ನಾನು ಅದನ್ನು ನೋಡಿದೆ. ನೋಡಿದ್ದನ್ನು ಅವನೂ ನೋಡಿದ, ಇಟ್ಟ ಹೆಜ್ಜೆಯಲ್ಲೇ ನಿಂತ. “ಇದು ಅಳಲಿಲ್ಲಂದ್ರ ನೀ ಉಳಿಯಲ್ಲ” ಎಂದೆ. ಅವನು ಕೆಸರಿನಲ್ಲಿ ಕುಸಿದು ಕೂತು, ನನ್ನನ್ನಲ್ಲ, ಕೂಸಿನ ಬಾಯನ್ನೇ ನೋಡತೊಡಗಿದ. ಆಮೇಲೆ ಅದು ಬೆಲ್ಲದ ನೀರು ಕಕ್ಕಿ ಚೀರಿತು.

ಅಂದಿನಿಂದ ಸಿಗಡಿ ಹೊರಗೇ. ಒಡೆದ ಚಪ್ಪಡಿಯ ತುಂಡುಗಳನ್ನು ಗಾಳಿಗೆ ಅಡ್ಡ ನಿಲ್ಲಿಸಿಕೊಂಡು ಮಾಡುತ್ತಿದ್ದ. ಚಪ್ಪಲಿ, ತಂತಿ ಸುಡುವುದನ್ನು ಬಿಟ್ಟ. ಮಗಳು ದೊಡ್ಡವಳಾದಳು, ಚಳಿಗಾಲದಲ್ಲಿ ಸಿಳ್ಳು ಮಾತ್ರ ಹೋಗಲಿಲ್ಲ. ನಾನು ಸಿಟ್ಟಿನಲ್ಲಿ ಗೋಡೆ ಒಡೆದೆನೆಂದು ಓಣಿಯವರು ಬಹಳ ವರ್ಷ ನಕ್ಕರು, ನಾನೂ ನಗುತ್ತಿದ್ದೆ. ಅವನು ಒಮ್ಮೆಯೂ ನಗಲಿಲ್ಲ. ಸುತ್ತಿಗೆಯ ಮೂರನೆಯ ಏಟು ಎಲ್ಲಿ ಬೀಳುವುದಿತ್ತೆಂದು ಅವನಿಗೆ ಗೊತ್ತಿತ್ತು.